ಸಾಯದ ಮೀನು

ಹೊಳೆಮುಗಳಿಯಲ್ಲಿ ನೀರು ಕುಡಿಯುವ ಮೊದಲು ಜನ ಮೀನಿನ ಮುಖ ನೋಡುತ್ತಿದ್ದರು.

ನಗಬೇಡಿ. ಊರು ಅಂದಮೇಲೆ ಅದರ ಬದುಕಿಗೆ ತಕ್ಕ ನಡಾವಳಿ ಹುಟ್ಟಿಕೊಳ್ಳುತ್ತದೆ. ಅಲ್ಲಿ ಮನೆಗೆ ನೆಂಟರು ಬಂದರೆ ಕೈಗೆ ತಂಬಿಗೆ ಕೊಡುವ ಮೊದಲು ನಲ್ಲಿಯ ಪಕ್ಕದ ಗಾಜಿನ ಬುಡ್ಡಿ ತೋರಿಸಬೇಕು. ಬುಡ್ಡಿಯೊಳಗೆ ಬೆರಳ ಗೆಣ್ಣಿನಷ್ಟು ಉದ್ದದ, ಮೈತುಂಬ ನೀಲಿ ಗೆರೆ ಎಳೆದುಕೊಂಡ ಪಟ್ಟೆಮೀನು ಅತ್ತಿಂದಿತ್ತ ಓಡಾಡುತ್ತಿದ್ದರೆ ನೆಂಟರು ಕೈಕಾಲು ತೊಳೆದು, ಗುಟುಕು ನೀರು ಕುಡಿದು, ಆಮೇಲೆ ಕ್ಷೇಮಸಮಾಚಾರಕ್ಕೆ ಕೂರುತ್ತಿದ್ದರು. ಹೆಣ್ಣು ನೋಡಲು ಬಂದವರೂ ಅಷ್ಟೆ, ಹುಡುಗಿಗಿಂತ ಮೊದಲು ಬುಡ್ಡಿಯತ್ತ ಕಣ್ಣು ಹಾಯಿಸುತ್ತಿದ್ದರು. ಬೀದಿಯಲ್ಲಿ ಎದುರಾದವರು "ಆರಾಮದೀರೇನ್ರಿ?" ಎನ್ನುವ ಬದಲು "ಮೀನ ಆರಾಮ ಐತೇನ್ರಿ?" ಎನ್ನುವಷ್ಟು ಅದು ಮೈಗೆ ಹತ್ತಿಹೋಗಿತ್ತು.

ವಿಷಯ ಇಷ್ಟೆ. ಊರ ಬದಿಗೆ ಹರಿಯುತ್ತಿದ್ದ ವರದಾ ಹೊಳೆ ಬತ್ತಿ ಒಂದು ತಲೆಮಾರು ಕಳೆದಿತ್ತು. ಊರು ಬಳಸಿ ಬಿಟ್ಟ ನೀರನ್ನೇ ಮರುಜಲ ಘಟಕ ತೆಳು ಪೊರೆಗಳ ಮೂಲಕ ಹಿಂಡಿ, ಸೋಸಿ, ಮತ್ತೆ ನಲ್ಲಿಗೆ ಕಳಿಸುತ್ತಿತ್ತು. ಪೊರೆ ಹಳೆಯದಾದಂತೆ ಅದರಿಂದಲೇ ಏನೋ ಸವೆದು ನೀರಿಗಿಳಿಯುತ್ತಿತ್ತು. ಜನ ಅದನ್ನು ಕಸರು ಎಂದು ಕರೆದರು. ಬಣ್ಣವಿಲ್ಲ, ವಾಸನೆಯಿಲ್ಲ. ಹೊಟ್ಟೆಗೆ ಹೋದರೆ ರಕ್ತ ಉಸಿರನ್ನು ಹೊರುವ ಕೆಲಸ ಬಿಟ್ಟುಬಿಡುತ್ತದೆ. ದೊಡ್ಡವರಿಗೆ ತಲೆನೋವು, ಸುಸ್ತು. ಹಸುಗೂಸಿಗೆ ಜೀವಕ್ಕೇ ಕುತ್ತು. ಯಂತ್ರಕ್ಕೆ ಅದರ ಒಂದು ರೂಪ ಗುರುತು ಹಿಡಿಯಲು ಕಲಿಸಿದರೆ ಅದು ಬಿಸಿಲಿಗೊಂದು, ಚಳಿಗೊಂದು ಬೇರೆ ರೂಪ ತಾಳಿ ಬರುತ್ತಿತ್ತು. ಮೀನಿನ ಕಿವಿರು ಮಾತ್ರ ರೂಪ ಕೇಳುವುದಿಲ್ಲ. ಕಸರು ತಾಗಿದ ಕೂಡಲೇ ಪಟಪಟನೆ ಬಡಿದುಕೊಳ್ಳುತ್ತದೆ. ಅದಕ್ಕೇ ಮನೆಮನೆಗೂ ಒಂದು ಕಾವಲುಮೀನು, ನಲ್ಲಿಯ ನೀರೇ ಹಾದುಹೋಗುವ ಒಂದು ಬುಡ್ಡಿ, ಬುಡ್ಡಿಯ ಮೇಲೆ ಹೆಸರುಕಾಳಿನಷ್ಟು ಸಣ್ಣ ಕ್ಯಾಮೆರಾ. ಕಿವಿರಿನ ಬಡಿತ ಏರಿದರೆ ಆ ಮನೆಯ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಆ ಮೀನುಗಳನ್ನು ಮರಿ ಮಾಡಿಸಿ ಊರಿಗೆಲ್ಲ ಕೊಡುತ್ತಿದ್ದವಳು ಫಕೀರವ್ವ.

ಗಂಡ ತೀರಿಕೊಂಡ ಮೇಲೆ ಹಿತ್ತಿಲಿನ ತಗಡಿನ ಚಪ್ಪರದಲ್ಲಿ ನಾಲ್ಕು ತೊಟ್ಟಿ ಇಟ್ಟು ಶುರು ಮಾಡಿದ ಕೆಲಸ, ಈಗ ಚಪ್ಪರ ಸಾಲದಷ್ಟು ಬೆಳೆದಿತ್ತು. ಪಟ್ಟೆಮೀನಿನ ತಾಯಿಗೆ ತಾಯಿತನ ಅಷ್ಟಕ್ಕಷ್ಟೆ. ಮೊಟ್ಟೆ ಉದುರಿಸಿ, ತಿರುಗಿ ನೋಡಿ, ತಾನೇ ತಿಂದುಬಿಡುತ್ತದೆ. ಹಾಗಾಗಿ ಫಕೀರವ್ವ ತೊಟ್ಟಿಯ ತಳಕ್ಕೆ ಗೋಲಿಗುಂಡು ಹಾಸುತ್ತಿದ್ದಳು; ಮೊಟ್ಟೆ ಸಂದಿಗೆ ಜಾರಿದರೆ ತಾಯಿಯ ಬಾಯಿಗೆ ಎಟುಕುವುದಿಲ್ಲ. ಊರ ಹುಡುಗರ ಗೋಲಿಯೆಲ್ಲ ಅವಳ ತೊಟ್ಟಿಗಳಲ್ಲಿ ಮುಳುಗಿದ್ದವು. ಹೆಣ್ಣುಮೀನನ್ನು ಬೇರೆ ಇಟ್ಟು ಸೊಳ್ಳೆಮರಿ ತಿನ್ನಿಸಿ, ಹೊಟ್ಟೆ ದುಂಡಗಾದ ಮೇಲೆ ಸಂಜೆ ಹೊತ್ತಿಗೆ ಗಂಡಿನ ಜೊತೆ ಬಿಡುವುದು. ಬೆಳಗಿನ ಮೊದಲ ಬೆಳಕು ಬಿದ್ದಾಗ ಮೊಟ್ಟೆ. ಮರಿ ಒಡೆದು ಈಜತೊಡಗಿದರೆ ಎಲೆಕೋಸು ನೆನೆಸಿದ ನೀರಿನಲ್ಲಿ ಹುಟ್ಟುವ ಕಣ್ಣಿಗೆ ಕಾಣದ ಹುಳುವೇ ಅದಕ್ಕೆ ಮೊದಲ ಊಟ, ಆಮೇಲೆ ಬಟ್ಟೆಯಲ್ಲಿ ಸೋಸಿದ ಮೊಟ್ಟೆಯ ಹಳದಿ.

ಕಲಿಯಲು ಬಂದ ಹೆಂಗಸರನ್ನು ಚಪ್ಪರದಲ್ಲಿ ಕೂರಿಸಿಕೊಂಡು ಪಾಠ ಹೇಳುವುದೆಂದರೆ ಅವಳಿಗೆ ಭಾರಿ ಹುರುಪು.

"ನಲ್ಲಿ ನೀರು ಹಿಡದ ಕೂಡ್ಲೆ ತೊಟ್ಟಿಗೆ ಸುರೀಬ್ಯಾಡ್ರೆವ್ವಾ. ಅಗಲ ಬಾಯಿ ಪಾತ್ರೆದಾಗ ಒಂದಿನ ಇಡ್ರಿ, ಔಷಧಿ ವಾಸನಿ ಹಾರಿ ಹೋಗ್ಲಿ. ತೊಟ್ಟಿ ನೀರು ಪೂರಾ ಬದಲ ಮಾಡಬ್ಯಾಡ್ರಿ, ಕಾಲುಭಾಗ ತಗದು ಕಾಲುಭಾಗ ಹಾಕ್ರಿ. ಸೋಸೋ ಸ್ಪಂಜು ನಲ್ಲಿ ಕೆಳಗ ತಿಕ್ಕಿದ್ರ ಅದರಾಗಿನ ಜೀವ ಸಾಯತೈತಿ, ತೊಟ್ಟಿ ನೀರಿನಾಗ ಜಾಲಾಡಸ್ರಿ ಸಾಕು. ಮೀನಿನ ಹೊಟ್ಟಿ ಅಂದ್ರ ಅದರ ಕಣ್ಣಿನಷ್ಟ. ನಿಮ್ಮ ಪ್ರೀತಿನೆಲ್ಲಾ ಸುರದ್ರ ತಳದಾಗ ಕೊಳೀತೈತಿ."

"ಮತ್ತ ನಿಮ್ಮ ಮೀನು ಇಷ್ಟ್ ಗಟ್ಟಿ ಹ್ಯಾಂಗ್ರಿ?" ಎಂದು ಯಾರಾದರೂ ಕೇಳಿದರೆ ಅವಳ ಮುಖ ಅರಳುತ್ತಿತ್ತು.

"ನೀರಿನ ಪರಿಚಯ" ಎನ್ನುತ್ತಿದ್ದಳು.

ಮೀನು ಸಾಕುವವರೆಲ್ಲರಿಗೂ ಗೊತ್ತಿರುವ ಸಂಗತಿ ಅದು. ಮೀನನ್ನು ಹೊಸ ನೀರಿಗೆ ಒಮ್ಮೆಲೇ ಬಿಡಬಾರದು. ಅದಿರುವ ನೀರಿಗೇ ಹೊಸ ನೀರನ್ನು ಹನಿಹನಿಯಾಗಿ ಬೆರೆಸಿ ರೂಢಿ ಮಾಡಿಸಬೇಕು. ಫಕೀರವ್ವ ಅದನ್ನು ಒಂದು ವ್ರತದಂತೆ ಮಾಡುತ್ತಿದ್ದಳು. ಮರಿಗಳು ಪಟ್ಟೆ ಮೂಡಿಸಿಕೊಂಡ ಮೇಲೆ ನಲ್ಲಿಯಿಂದ ಸಣ್ಣ ರಬ್ಬರ್ ನಳಿಗೆ ಎಳೆದು, ಅದಕ್ಕೊಂದು ಗಂಟು ಹಾಕಿ, ತೊಟ್ಟಿಗೆ ತೊಟ್ಟಿಕ್ಕಲು ಬಿಡುತ್ತಿದ್ದಳು. "ಸೊಸಿ ಮನಿಗೆ ಬಂದ ದಿನಾನ ಅಡಿಗಿಮನಿ ಪೂರಾ ಒಪ್ಪಸ್ತೀವೇನು? ಹಂಗ ಇದೂ" ಎಂದು ನಗುತ್ತಿದ್ದಳು. ಹನಿ ಬೀಳುತ್ತ ಬೀಳುತ್ತ ಕೆಲವು ಮರಿ ಮೇಲಕ್ಕೆ ಬಂದು ಬಾಯಿ ಬಡಿದು ಸಾಯುತ್ತಿದ್ದವು. ಅವನ್ನು ಕೋಳಿಗೆ ಹಾಕುತ್ತಿದ್ದಳು. ಉಳಿದವನ್ನು ಊರಿಗೆ ಕೊಡುತ್ತಿದ್ದಳು, ಅವುಗಳಲ್ಲೇ ಗಟ್ಟಿಮುಟ್ಟಾದ ಜೋಡಿಗಳನ್ನು ಮುಂದಿನ ಮರಿಗೆ ಇಟ್ಟುಕೊಳ್ಳುತ್ತಿದ್ದಳು. ಒಳ್ಳೆ ತಳಿ ಮಾಡುವ ಯಾರಾದರೂ ಮಾಡುವುದೇ ಅದು. ಅವಳ ಮನೆ ಕೊಳವೆಯ ಕಟ್ಟಕಡೆಯ ಮನೆ. ನೀರು ನಿಂತು ನಿಂತು ಬರುವ ಜಾಗ. ಊರಲ್ಲಿ ಎಲ್ಲಕ್ಕಿಂತ ಕೆಟ್ಟ ನೀರು ಅದೇ ಎನ್ನುವುದು ಅವಳಿಗೆ ಗೊತ್ತಿತ್ತು, ಅದೇ ಒಳ್ಳೆಯದಾಯಿತು ಎಂದುಕೊಂಡಿದ್ದಳು.

ಊರಿಗೂ ಬೇಕಾಗಿದ್ದುದು ಅದೇ. ಮೊದಲು ಬೇರೆ ಕಡೆಯಿಂದ ತರಿಸುತ್ತಿದ್ದ ಮೀನುಗಳು ಊದಿನಕಡ್ಡಿ ಹೊಗೆಗೂ ಬೆದರುತ್ತಿದ್ದವು, ಎಣ್ಣೆಗೈ ತಾಗಿದರೂ ಒದ್ದಾಡುತ್ತಿದ್ದವು. ಮೀನು ಒದ್ದಾಡಿದರೆ ನಲ್ಲಿ ಬಂದ್, ಘಟಕದವರು ಬಂದು ನೋಡುವವರೆಗೆ ಮನೆಯಲ್ಲಿ ಹನಿ ನೀರಿಲ್ಲ. ಜನ ಮೀನಿಗೆ ಹಿಡಿಶಾಪ ಹಾಕುತ್ತಿದ್ದರು. ಫಕೀರವ್ವನ ಮೀನು ಬಂದ ಮೇಲೆ ಆ ಕಾಟ ತಪ್ಪಿತು. ಜನರಿಗೆ ಖುಷಿ, ಘಟಕಕ್ಕೆ ಖುಷಿ. ಅವಳನ್ನಂತೂ ಹಿಡಿಯುವವರಿರಲಿಲ್ಲ.

ಹೀಗಿರುವಾಗ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕಿದ ದಿನ ಅಜ್ಜಿಯೇ ಬತ್ತಿದ ಹೊಳೆಯ ಹೆಸರು ಹಿಡಿದು ಕಿವಿಯಲ್ಲಿ ಕೂಗಿದಳು: ವರದಾ. ಸುವರ್ಣಾಳಿಗೆ ಎದೆಹಾಲು ಸಾಲಲಿಲ್ಲ. ಡಬ್ಬಿಯ ಹಾಲುಪುಡಿ ತಂದರು.

"ಅವ್ವಾ, ನೀರು ಛಲೋ ಅದಾವಿಲ್ಲೋ?" ಎಂದು ಸುವರ್ಣಾ ಪ್ರತಿ ಸಲ ಕೇಳುತ್ತಿದ್ದಳು.

"ಮೀನು ನೋಡಲ್ಲೆ. ಕುಣೀಲಿಕ್ಕತ್ತೈತಿ. ಹಡದವ್ವ ನಾ ಇರೂವಾಗ ನಿನಗೇನ ಚಿಂತಿ?"

ಮಗಳು ಹಾಲುಪುಡಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಫಕೀರವ್ವ ನೀರನ್ನು ಮತ್ತಷ್ಟು ಹೊತ್ತು ಕುದಿಸುತ್ತಿದ್ದಳು, ಕೂಸಿಗೆ ಅಲ್ಲವೆ ಎಂದು. ಕುದಿಸಿದಷ್ಟೂ ನೀರು ಆವಿಯಾಗಿ ಕಸರು ತಳದಲ್ಲಿ ದಟ್ಟವಾಗುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ಘಟಕದಿಂದ ಕರೆ ಬಂತು. ಶಾಲು ಹೊದಿಸುತ್ತಾರೆ ಎಂದುಕೊಂಡು ಫಕೀರವ್ವ ಇಳಕಲ್ ಸೀರೆ ಉಟ್ಟು ಹೋದಳು. ನಿಯಂತ್ರಣ ಕೊಠಡಿಯಲ್ಲಿ ಗೋಡೆಗೆ ಗೋಡೆಯೇ ಒಂದು ಪರದೆ. ಪ್ರತಿ ಮನೆಗೂ ಒಂದು ಚುಕ್ಕಿ, ಮೀನು ಆರಾಮಿದ್ದರೆ ಹಸಿರು, ಒದ್ದಾಡಿದರೆ ಕೆಂಪು. ಗೋಡೆಯ ತುಂಬ ಹಸಿರು ಹರಡಿತ್ತು. ಇದೆಲ್ಲ ನನ್ನ ಮೀನು ಎಂದು ಅವಳ ಎದೆ ಉಬ್ಬಿತು. ಅದರ ಮುಂದೆ ವಾರಿಜಾ ನಿಂತಿದ್ದಳು. ಮೈಸೂರು ಕಡೆಯ ವಿಜ್ಞಾನಿ, ನೀರಿನ ಸುರಕ್ಷತೆಯ ಹೊಣೆ ಅವಳದು. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಈ ಗೋಡೆ ನೋಡಿದ್ರೆ ನಂಗೆ ಭಯ ಆಗತ್ತೆ ಫಕೀರಮ್ಮ" ಎಂದಳು.

"ಯಾಕ್ರೀ ಬಾಯಾರ? ಎಲ್ಲಾ ಹಸರ ಐತೆಲ್ಲ."

"ಅದಕ್ಕೇ. ಪೊರೆಗಳು ಹಳೇದಾಗ್ತಾ ಇವೆ. ಹೊಸವು ಇನ್ನೂ ಬಂದಿಲ್ಲ. ಕೆಂಪು ಹೆಚ್ಚಾಗಬೇಕಿತ್ತು, ಕಡಿಮೆ ಆಗ್ತಿದೆ. ಆಸ್ಪತ್ರೆಗೆ ತುಟಿ ನೀಲಿಯಾದ ಕೂಸುಗಳು ಬರ್ತಿವೆ. ಹೃದಯದ ತೊಂದರೆ ಇರಬೇಕು ಅಂತ ಡಾಕ್ಟರು ನೋಡ್ತಿದಾರೆ. ನಂಗೆ ಹಾಗನ್ನಿಸ್ತಿಲ್ಲ."

"ಹಂಗಾರ ನನ್ನ ಮೀನು ಸುಳ್ಳು ಹೇಳಾಕತ್ತಾವು ಅಂತೀರೇನು?"

"ಗೊತ್ತಿಲ್ಲ. ಅದಕ್ಕೇ ಕೇಳ್ತಿದೀನಿ. ನಿಮ್ಮ ಮೀನು ಕೆಲವು ಕಳಿಸಿಕೊಡಿ, ಪರೀಕ್ಷೆ ಮಾಡ್ತೀನಿ. ಪುರಾವೆ ಇಲ್ಲದೆ ಊರಿಗೆ ನೀರು ನಿಲ್ಲಿಸೋಕೆ ಮೇಲಿನವರು ಒಪ್ಪಲ್ಲ." ವಾರಿಜಾ ಮೂಲೆಯಲ್ಲಿದ್ದ ನೀರಿನ ಕ್ಯಾನನ್ನು ಕಾಲಿನಿಂದ ಮುಂದಕ್ಕೆ ಸರಿಸಿದಳು. "ನಿಮ್ಮ ಮನೇಲಿ ಹಸುಗೂಸಿದೆಯಂತೆ. ಇದು ಘಟಕದ ಹಿಂದಿನ ಹಳೇ ಬಾವಿ ನೀರು. ಪರೀಕ್ಷೆ ಮುಗಿಯೋ ತನಕ ಕೂಸಿಗೆ ಇದನ್ನೇ ಕೊಡಿ. ಖಾಲಿಯಾದ್ರೆ ಮತ್ತೆ ಬಂದು ಒಯ್ಯಿರಿ."

ಫಕೀರವ್ವ ಆ ಕ್ಯಾನನ್ನು ನೋಡಿದಳು. ಅದನ್ನು ಹೊತ್ತುಕೊಂಡು ಬಸ್ಸು ಇಳಿದು, ಓಣಿಯುದ್ದಕ್ಕೂ ನಡೆದು, ಎದುರುಮನೆಯ ಕಟ್ಟೆಯಲ್ಲಿ ಕೂತವರ ಕಣ್ಣೆದುರು ಮನೆಯೊಳಗೆ ಇಳಿಸುವುದು ಮನಸ್ಸಿಗೆ ಬಂತು. ಊರಿಗೆಲ್ಲ ಮೀನು ಕೊಟ್ಟವಳೇ ತನ್ನ ಮೊಮ್ಮಗಳಿಗೆ ಕ್ಯಾನ್ ನೀರು ತಂದಳು ಎಂದರೆ ನಾಳೆಯಿಂದ ಯಾರು ಅವಳ ಮೀನು ಇಟ್ಟುಕೊಂಡಾರು? ಸಿಟ್ಟು ನೆತ್ತಿಗೇರಿತು. ಶಾಲಿನ ಆಸೆಗೆ ಸೀರೆ ಉಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

"ಮೀನು ಕಳಸ್ತೀನ್ರಿ, ಬೇಕಾದಷ್ಟು ಪರೀಕ್ಷಾ ಮಾಡ್ರಿ. ಈ ನೀರು ಮಾತ್ರ ಬ್ಯಾಡ. ನನ್ನ ಮೀನಿನ ಮ್ಯಾಲೆ ನನಗ ಭರವಸಿ ಐತಿ" ಎಂದು ಎದ್ದು ಬಂದಳು.

ಮನೆಯಲ್ಲಿ ಸುವರ್ಣಾ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಿದ್ದಳು. "ಯಾಕ ಕರದಿದ್ರವ್ವಾ?"

"ಹೊಗಳಾಕ" ಎಂದಳು ಫಕೀರವ್ವ. "ಊರ ತುಂಬ ಹಸರ ಐತಂತ."

ಮರುದಿನ ಕೂಸನ್ನು ಎರೆಯಲು ಅವಳು ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೊಬ್ಬರಿ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು, ತಂಬಿಗೆಯಿಂದ ಬಿಸಿನೀರು ಹೊಯ್ದಾಗ ಕೂಸು ಎಂದಿನಂತೆ ಕಿರುಚಲಿಲ್ಲ. ಮಗ್ಗುಲಾಗಿಸಿ ನೋಡಿದಳು. ನೇರಳೆಹಣ್ಣು ತಿಂದ ಬಾಯಿಯಂತೆ ತುಟಿ ಬಣ್ಣಗೆಟ್ಟಿತ್ತು. ಉಗುರಿನ ಬುಡವೂ ಹಾಗೇ.

ಆಗ ಅವಳು ಮಾಡಿದ್ದೇನು ಗೊತ್ತೆ? ಮೀನಿನ ಮುಖ ನೋಡಿದಳು. ಕೂಸನ್ನು ಕಾಲ ಮೇಲೆ ಇಟ್ಟುಕೊಂಡೇ ಕತ್ತು ತಿರುಗಿಸಿ ನಲ್ಲಿಯ ಪಕ್ಕದ ಬುಡ್ಡಿ ನೋಡಿದಳು. ಮೀನು ಆರಾಮವಾಗಿ ಅತ್ತಿಂದಿತ್ತ ಓಡಾಡುತ್ತಿತ್ತು, ಕಿವಿರು ನಿಧಾನಕ್ಕೆ ಆಡುತ್ತಿತ್ತು. ಅವಳ ಜೀವ ಹಗುರಾಯಿತು. ನೀರಿನದಲ್ಲ, ಥಂಡಿ ಆಗಿರಬೇಕು ಎಂದುಕೊಂಡಳು. ಕೂಸನ್ನು ಒರೆಸಿ, ಬಟ್ಟೆ ಸುತ್ತಿ, ಕೆಂಡದ ಮೇಲೆ ಲೋಬಾನ ಹಾಕಿ ಬಿಸಿ ತಾಗಿಸಿದಳು.

"ಅವ್ವಾ, ಬಣ್ಣ ಯಾಕೋ ಛಲೋ ಇಲ್ಲ. ದವಾಖಾನಿಗೆ ಹೋಗೂಣು" ಎಂದಳು ಸುವರ್ಣಾ.

"ಹೊಟ್ಟಿ ತುಂಬಿದ್ರ ಕೆಂಪಗಾಗತೈತಿ ತಡಿ. ಸಂಜಿಮಟ ನೋಡೂಣು." ಫಕೀರವ್ವ ತಾನೇ ಎದ್ದು ನೀರು ಕುದಿಸಿ ಬಾಟಲಿ ತುಂಬಿಸಿದಳು. ಕೂಸು ಅರ್ಧ ಕುಡಿಯಿತು.

ಸಂಜೆಯವರೆಗೆ ನೋಡುವುದು ಉಳಿಯಲಿಲ್ಲ. ಆಟೋದಲ್ಲಿ ಹೋಗುವಾಗಲೇ ಕೂಸಿನ ಮೈ ಸೀಸದ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ರಕ್ತ ತೆಗೆದಾಗ ಅದು ಕೆಂಪಗಿರಲಿಲ್ಲ, ಕಾಫಿ ಬಣ್ಣಕ್ಕಿತ್ತು. ಅದನ್ನು ಕಂಡ ಡಾಕ್ಟರು ವಾರಿಜಾಳಿಗೆ ಫೋನ್ ಮಾಡಿದರು. ಅವಳು ಓಡಿ ಬಂದಳು. ಆ ರಕ್ತವೇ ಪುರಾವೆಯಾಯಿತು. ವಾರ್ಡಿನಲ್ಲಿದ್ದ ಉಳಿದ ಕೂಸುಗಳಿಗೆ ಕಸರಿನ ವಿಷ ಇಳಿಸುವ ಔಷಧಿ ಕೊಟ್ಟರು. ಅವು ಒಂದೊಂದಾಗಿ ಬಣ್ಣ ಬಂದು ಅಳತೊಡಗಿದವು. ವರದಾಳಿಗೆ ಔಷಧಿ ಏರಿಸುವಷ್ಟರಲ್ಲಿ ಹೊತ್ತು ಮೀರಿಹೋಗಿತ್ತು.

ಸುವರ್ಣಾ ಅಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು, ಖಾಲಿ ಕೈಯಲ್ಲಿ ಕೂಸಿನ ಕುಲಾಯಿ ಹಿಡಿದು, ವಾರಿಜಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆ ದಿನದಿಂದ ತಾಯಿಯ ಜೊತೆ ಮಾತು ಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ವಾರಿಜಾ ಫಕೀರವ್ವನನ್ನು ಪ್ರಯೋಗಾಲಯಕ್ಕೆ ಕರೆಸಿದಳು. ಮೇಜಿನ ಮೇಲೆ ಎರಡು ಗಾಜಿನ ಜಾಡಿ. ಒಂದರಲ್ಲಿ ಫಕೀರವ್ವ ಕಳಿಸಿದ್ದ ಮೀನು. ಇನ್ನೊಂದರಲ್ಲಿ ಅದೇ ಜಾತಿಯ, ಅದೇ ಗಾತ್ರದ, ಪಟ್ಟೆ ಕೊಂಚ ಮಂಕಾದ ಮೀನು.

"ಇದು ಹಿಂದಿನ ಬಾವೀದು. ನಲ್ಲಿ ನೀರು ಕಂಡಿದ್ದೇ ಇಲ್ಲ" ಎಂದಳು ವಾರಿಜಾ. ಎರಡಕ್ಕೂ ಒಂದೇ ನೀರು ಹನಿಸಿದಳು. ಫಕೀರವ್ವನ ಅಡಿಗೆಮನೆಯ ನಲ್ಲಿಯಿಂದ ತುಂಬಿಸಿಕೊಂಡು ಬಂದದ್ದು.

ಬಾವಿಯ ಮೀನು ನೀರಿನ ಮೇಲಕ್ಕೆ ಚಿಮ್ಮಿತು. ಕಿವಿರು ಹರಿದುಹೋಗುವಂತೆ ಬಡಿದುಕೊಂಡಿತು. ಆಮೇಲೆ ಮಗ್ಗುಲಾಯಿತು. ಫಕೀರವ್ವನ ಮೀನು ಜಾಡಿಯ ಗಾಜಿಗೆ ಮೂತಿ ತಾಗಿಸಿ, ಅವಳ ನೆರಳು ಕಂಡು, ಊಟ ಹಾಕುತ್ತಾಳೇನೋ ಎಂದು ಬಾಲ ಆಡಿಸಿತು.

ವಾರಿಜಾ ಏನೋ ಹೇಳಲು ಬಾಯಿ ತೆರೆದಳು. ಫಕೀರವ್ವ ಕೈ ಅಡ್ಡ ಹಿಡಿದಳು.

"ತಿಳೀತ್ರಿ. ಒದ್ದಾಡೋವನ್ನೆಲ್ಲಾ ನಾನ ಕೋಳಿಗೆ ಹಾಕೀನಿ. ಒದ್ದಾಡದವನ್ನ ಆರಿಸಿ ಆರಿಸಿ ಊರಿಗೆ ಕೊಟ್ಟೀನಿ."

"ನಿಮ್ಮೊಬ್ಬರದೇ ತಪ್ಪಲ್ಲ. ಒದ್ದಾಡದ ಮೀನೇ ಬೇಕು ಅಂದವರು ನಾವೆಲ್ಲರೂ. ಚುಕ್ಕಿ ಹಸಿರಾದಾಗ ನಾನೂ ಖುಷಿಪಟ್ಟಿದ್ದೆ."

"ನನ್ನ ಮನ್ಯಾಗಿನ ಕೂಸು ಹೋತಲ್ರೀ" ಎಂದಳು ಫಕೀರವ್ವ. ಆಮೇಲೆ ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಹೆಣದ ಮುಂದೂ ಅಷ್ಟು ಅತ್ತಿರಲಿಲ್ಲ.

ಸುದ್ದಿ ಊರಿಗೆ ಹಬ್ಬಿತು. ನಲ್ಲಿ ನೀರು ಕುಡಿಯಬಾರದೆಂದು ಡಂಗುರವಾಯಿತು, ಟ್ಯಾಂಕರ್ ಬಂತು, ಕೊಡ ಹಿಡಿದು ಜಗಳ ಶುರುವಾಯಿತು. ಜನ ತಂತಮ್ಮ ಬುಡ್ಡಿಗಳನ್ನು ತಂದು ಫಕೀರವ್ವನ ಬಾಗಿಲ ಮುಂದಿನ ಚರಂಡಿಗೆ ಸುರಿದರು. ಕೆಲವರು ಬೈದರು, ಹೆಚ್ಚಿನವರು ಬೈಯಲಿಲ್ಲ, ಮನೆಯಲ್ಲಿ ಸಾವಾದವರನ್ನು ಏನೆಂದು ಬೈಯುವುದು? ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಸಾಬೂನಿನ ನೊರೆ, ಎಂಜಲು, ಕಪ್ಪು ಕೆಸರಿನ ನಡುವೆ ಅವಳ ಪಟ್ಟೆಮೀನುಗಳು ಗುಂಪುಗೂಡಿ ಈಜುತ್ತಿದ್ದವು. ಚರಂಡಿಯಲ್ಲೂ ಅವು ಸಾಯಲಿಲ್ಲ. ಆ ಮೀನುಗಳನ್ನು ಕಂಡರೆ ಅವಳಿಗೆ ಮೊದಲ ಬಾರಿಗೆ ಅಸಹ್ಯವಾಯಿತು.

ಟ್ಯಾಂಕರ್ ನೀರಿನಲ್ಲಿ ಊರು ಬಹಳ ದಿನ ಬದುಕುವಂತಿರಲಿಲ್ಲ. ಪೊರೆ ಬದಲಾದರೂ ಅದು ಸವೆಯುವುದು ತಪ್ಪದು, ಮತ್ತೆ ಕಾವಲಿಗೆ ಮೀನೇ ಬೇಕು. ಮೊದಲು ಮೀನು ತರಿಸುತ್ತಿದ್ದ ಕಡೆ ಸಾಕುವವರೇ ಉಳಿದಿರಲಿಲ್ಲ. ಘಟಕದ ಹಿಂದಿನ ಬಾವಿಗೆ ಬಲೆ ಬಿಟ್ಟಾಗ ಸಿಕ್ಕಿದ್ದು ಬೆರಳೆಣಿಕೆಯ ಮೀನು, ಎಲ್ಲವೂ ಗಂಡು. ವಾರಿಜಾ ಅವನ್ನು ತಂದು ಫಕೀರವ್ವನ ಚಪ್ಪರದಲ್ಲಿ ಇಳಿಸಿದಳು.

"ನಿಮ್ಮ ಹೆಣ್ಣುಗಳ ಜೊತೆ ಇವನ್ನ ಬಿಡಬೇಕು. ಹುಟ್ಟೋ ಮರಿಗಳಲ್ಲಿ ಕೆಲವಕ್ಕೆ ಬಾವಿ ಮೀನಿನ ಗುಣ ಬರತ್ತೆ, ಕೆಲವಕ್ಕೆ ನಿಮ್ಮ ಮೀನಿಂದು. ಯಾವ ಜೋಡಿ ಮರಿ ಬೇಗ ಸಾಯತ್ತೋ ಅದೇ ನಮಗೆ ಬೇಕಾದ ಜೋಡಿ."

"ಸತ್ತ ಮೀನಿಂದ ಮರಿ ಹ್ಯಾಂಗ್ರಿ ಮಾಡಸೂದು?"

"ಸತ್ತ ಮರಿಯಿಂದ ಅಲ್ಲ, ಅದನ್ನ ಹೆತ್ತವರಿಂದ. ಒಂದೊಂದು ಜೋಡಿಯ ಮರಿ ಒಂದೊಂದು ಬಾಟಲಿಗೆ ಹಾಕಿ. ಕಸರಿನ ನೀರು ಹನಿಸಿ. ಯಾವ ಬಾಟಲಿ ಮರಿ ಮೊದಲು ಸತ್ತವೋ, ಅವುಗಳ ಅಪ್ಪ ಅಮ್ಮನ್ನ ಉಳಿಸಿಕೊಳ್ಳಿ. ಹೆದರಿದ್ರೂ ಮರಿ ಬಾಯಿ ಬಿಡತ್ತೆ, ಅದು ಲೆಕ್ಕಕ್ಕಿಲ್ಲ. ಮಗುಚಿ ಬಿದ್ದು ಕಿವಿರು ನಿಲ್ಲಬೇಕು."

ಅದೇ ಗೋಲಿಗುಂಡು, ಅದೇ ಎಲೆಕೋಸಿನ ನೀರು. ಮರಿಗಳು ಪಟ್ಟೆ ಮೂಡಿಸಿಕೊಂಡವು. ಫಕೀರವ್ವ ಬಾಟಲಿಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಹಳೆಯ ನಳಿಗೆಗಳಿಗೇ ಗಂಟು ಹಾಕಿದಳು. ಹನಿ ಬೀಳತೊಡಗಿತು. ಒಂದು ಬಾಟಲಿಯ ಮರಿ ಮೇಲಕ್ಕೆ ಬಂದು ಬಾಯಿ ತೆರೆಯಿತು. ಅವಳ ಕೈ ತಾನಾಗಿ ಚಮಚ ತೆಗೆದು, ಅದನ್ನು ಎತ್ತಿ, ಪಕ್ಕದ ಒಳ್ಳೆ ನೀರಿಗೆ ಬಿಟ್ಟಿತು. ಇನ್ನೊಂದು ಬಾಯಿ ತೆರೆಯಿತು, ಅದನ್ನೂ ಎತ್ತಿದಳು. ವಾರಿಜಾ ಬಂದು ನೋಡಿದಾಗ ಬಾಟಲಿಗಳಲ್ಲಿ ಒಂದೂ ಸತ್ತ ಮರಿ ಇರಲಿಲ್ಲ. ಯಾವುದು ಯಾವ ಬಾಟಲಿಯದು ಎಂಬುದೂ ಕಲಸಿಹೋಗಿತ್ತು.

"ಫಕೀರಮ್ಮ, ಹೀಗೆ ಮಾಡಿದ್ರೆ ಹೇಗೆ ಗೊತ್ತಾಗತ್ತೆ?"

"ಕೈ ಕೇಳೂದಿಲ್ರಿ" ಎಂದಳು. ಮರಿ ಸತ್ತರೆ ಬೆಳಿಗ್ಗೆ ಕೋಳಿಗೆ ಎಸೆಯುತ್ತಿದ್ದ ಕೈ ಅದು. ಈಗ ಒಂದು ಮರಿಯ ತೆರೆದ ಬಾಯಿ ಕಂಡರೂ ಅವಳಿಗೆ ಕಾಲ ಮೇಲಿನ ಕೂಸು ನೆನಪಾಗುತ್ತಿತ್ತು.

ಎರಡನೆಯ ಸಲಕ್ಕೆ ಮರಿ ಬೆಳೆಸಿದ್ದಾಯಿತು. ಆ ಸಲವೂ ಹಾಗೇ ಆಯಿತು. ಟ್ಯಾಂಕರಿನ ಸಾಲು ದಿನದಿನಕ್ಕೆ ಉದ್ದವಾಗುತ್ತಿತ್ತು. ಕದ್ದುಮುಚ್ಚಿ ನಲ್ಲಿ ನೀರನ್ನೇ ಕುಡಿಯುವವರು ಶುರುವಾಗಿದ್ದರು. ಊರಲ್ಲಿ ಇನ್ನೂ ಬಸುರಿಯರಿದ್ದರು.

ಮೂರನೆಯ ಸಲ ಬಾಟಲಿ ಜೋಡಿಸುವಾಗ ಚಪ್ಪರದ ಬಾಗಿಲಲ್ಲಿ ನೆರಳು ಬಿತ್ತು. ಸುವರ್ಣಾ. ಗಂಡ ಕರೆಯಲು ಬಂದಾಗಲೂ ಅವಳು ಹೋಗಿರಲಿಲ್ಲ. ಒಂದೇ ಮನೆಯಲ್ಲಿ ಇದ್ದುಕೊಂಡು, ಬಡಿಸಿದ್ದನ್ನು ಉಂಡು, ತಾಯಿಯ ಮುಖ ನೋಡದೆ ದಿನ ತಳ್ಳುತ್ತಿದ್ದಳು.

ಅವಳು ಒಳಗೆ ಬಂದು ಬಾಟಲಿಗಳ ಸಾಲಿನ ಮುಂದೆ ನಿಂತಳು.

"ಯಾವ ಜೋಡಿ ಉಳಿಸ್ಕೋತಿ?"

ಅಷ್ಟು ದಿನದ ಮೇಲೆ ಮಗಳ ದನಿ. ಫಕೀರವ್ವ ಕೈಯಲ್ಲಿದ್ದ ಬಾಟಲಿಯನ್ನು ಸಾಲಿಗೆ ಇಟ್ಟಳು. "ಯಾವುದರ ಮರಿ ಮೊದಲ ಸಾಯತಾವೋ, ಅದನ್ನ."

"ಅದರ ತಾಯಿಗೆ ಗೊತ್ತಾಗತೈತೇನು?"

"ಮೀನಿಗೇನ್ ಗೊತ್ತಾಗತೈತಿ ಯವ್ವಾ."

ಸುವರ್ಣಾ ಬಗ್ಗಿ ಹೆಣ್ಣುಮೀನುಗಳ ತೊಟ್ಟಿಯನ್ನು ಬಹಳ ಹೊತ್ತು ನೋಡಿದಳು. ನೇರವಾಗಿ ನಿಂತಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು.

"ನೀನು ಇಳಕಲ್ ಸೀರಿ ಉಟ್ಟು ಹೋದ ದಿನ, ಬಾಯಾರು ಬಾವಿ ನೀರು ಕೊಟ್ಟಿದ್ರಂತ."

"ಕೊಟ್ಟಿದ್ರು."

"ನೀ ತರಲಿಲ್ಲ."

"ತರಲಿಲ್ಲ."

"ನಾ ಕೇಳಿದ್ದೆ ನಿನ್ನ. ಯಾಕ ಕರದಿದ್ರು ಅಂತ."

ಫಕೀರವ್ವ ಒಂದು ನಳಿಗೆಯ ಗಂಟು ಸಡಿಲಿಸಿದಳು. ಮೊದಲ ಹನಿ ಬಿತ್ತು. ಒಂದು ಮರಿ ಬೆದರಿ ಮೇಲಕ್ಕೆ ಬಂತು. ಅವಳ ಬಲಗೈ ಆಗಲೇ ಚಮಚದ ಕಡೆಗೆ ಹೊರಟಿತ್ತು.

ಸುವರ್ಣಾ ಆ ಕೈಯನ್ನು ಹಿಡಿದಳು. ಚಮಚ ಎತ್ತಿಕೊಂಡು ಚಪ್ಪರದಾಚೆಗೆ ಎಸೆದಳು. ನಳಿಗೆಯನ್ನೂ ತಾಯಿಯ ಕೈಯಿಂದ ತೆಗೆದುಕೊಂಡಳು.

"ಸರಿ ಆಕಡೆ. ನಿನಗ ಆಗೂದಿಲ್ಲ ಇದು. ನಾ ಮಾಡ್ತೀನಿ."

"ನೀ ಬ್ಯಾಡವ್ವಾ. ನಿನಗ ಇದು ಬ್ಯಾಡ."

"ಕೂಸು ಬಾಯಿ ತಗದು ತಗದು ಹೋಗೂದನ್ನ ನಾ ನೋಡೀನಿ" ಎಂದಳು ಸುವರ್ಣಾ. "ಅದರ ತುಟಿ ನೀಲಿ ಆದಾಗ ನೀ ಮೀನು ನೋಡಾಕತ್ತಿದ್ದಿ."

ಅವಳು ಸ್ಟೂಲು ಎಳೆದುಕೊಂಡು ಬಾಟಲಿಗಳ ಮುಂದೆ ಕೂತು ಗಂಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ಎಲ್ಲ ಬಾಟಲಿಗಳಿಗೂ ಹನಿ ಬೀಳತೊಡಗಿತು. ಫಕೀರವ್ವನಿಗೆ ಹೊರಗೆ ಓಡಿಹೋಗಬೇಕೆನಿಸಿತು, ಹೋಗಲಿಲ್ಲ. ಮಗಳ ಪಕ್ಕ ನೆಲದ ಮೇಲೆ ಕೂತು, ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಯಾವ ಬಾಟಲಿಯ ಮರಿ ಮೊದಲು ಸಾಯುತ್ತದೆ ಎಂದು ನೋಡುತ್ತ ಕೂತಳು.